ಮಾಲ್ಟಾದ ಬಿಸಿಲು

ಪರಮಪ್ರಸಾದದ ವಾರ ಬಂತೆಂದರೆ ನಮ್ಮ ಅಂಗಡಿಯಲ್ಲಿ ಕೂರಲು ಪುರುಸೊತ್ತಿರುವುದಿಲ್ಲ. ಪುಟ್ಟ ಹುಡುಗಿಯರು ಬಿಳಿ ಗೌನು ತೊಟ್ಟು ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಳ್ಳುವ ಶನಿವಾರ ಅದು. ಆ ಗೌನಿನ ಪಕ್ಕ ಬಿಳಿಚಿಕೊಂಡು ಫೋಟೋಕ್ಕೆ ನಿಲ್ಲಲು ನಮ್ಮ ಬೂಟಲ್ ಊರಿನ ಯಾವ ತಾಯಿಯೂ ಒಪ್ಪುವುದಿಲ್ಲ. ತಾಯಂದಿರು, ಚಿಕ್ಕಮ್ಮಂದಿರು, ಅಜ್ಜಿಯರು, ಎಲ್ಲರಿಗೂ ಆ ವಾರದಲ್ಲೇ ಮೈಗೆ ಬಿಸಿಲಲ್ಲಿ ಕಾದಂಥ ಕಂದು ಬಣ್ಣ ಬೇಕು. ಕೆಲವರು ದೀಪದ ಹಾಸಿಗೆಯಲ್ಲಿ ಮಲಗಿ ಕಂದಾಗುತ್ತಾರೆ, ಉಳಿದವರು ಕಾಗದದ ಚಡ್ಡಿ ಹಾಕಿಕೊಂಡು ನನ್ನ ಮುಂದೆ ನಿಂತು ಸ್ಪ್ರೇ ಹೊಡೆಸಿಕೊಳ್ಳುತ್ತಾರೆ.

ನನ್ನ ಹೆಸರು ನೊರೀನ್. ಈ ಕೌಂಟರಿನ ಹಿಂದೆ ನಿಂತು ಬಿಸಿಲು ಮಾರಲು ಶುರು ಮಾಡಿದಾಗ ನನ್ನ ಸೊಂಟ ಸಣ್ಣಗಿತ್ತು. ಮಾರುವವರಿಗೆ ಬಾಯಿ ಜೋರಿರಬೇಕು ಎಂದು ಹೊಸದಾಗಿ ಸೇರಿದ ಹುಡುಗಿಯರು ತಿಳಿದಿರುತ್ತಾರೆ. ಬಾಯಿಗಿಂತ ಕಣ್ಣು ಮುಖ್ಯ. ಬಾಗಿಲು ತಳ್ಳಿಕೊಂಡು ಬಂದವರಲ್ಲಿ ಬಣ್ಣಕ್ಕೆ ಬಂದವರು ಯಾರು, ಬೆಚ್ಚಗೆ ಮಲಗಲು ಬಂದವರು ಯಾರು ಎಂಬುದು ಅವರು ಕೋಟು ಬಿಚ್ಚುವ ಮೊದಲೇ ತಿಳಿಯಬೇಕು. ಜನವರಿಯಲ್ಲಿ ರಾತ್ರಿಪಾಳಿ ಮುಗಿಸಿ ಬರುವ ನರ್ಸು ಬಣ್ಣಕ್ಕೆ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ತಪ್ಪದೆ ಬರುವ ಬೆರಿಲ್ ಕೂಡ ಬಣ್ಣಕ್ಕೆ ಬರುವುದಿಲ್ಲ. ಅಂಥವರ ಮುಂದೆ ನಾನು ಬಣ್ಣ ಏರಲು ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿಯುವುದಿಲ್ಲ. ಹಾಸಿಗೆಯ ಗಾಜು ಒರೆಸಿ, ಬೆಚ್ಚಗಿನ ಟವೆಲ್ ಇಟ್ಟು, ಬಾಗಿಲು ಎಳೆದುಕೊಂಡು ಬರುತ್ತೇನೆ. ಬಣ್ಣಕ್ಕೆ ಬಂದವರನ್ನು ಮಾತ್ರ ಬಿಡುವುದಿಲ್ಲ. "ಎಣ್ಣೆ ಬೇಕಾ?" ಎಂದು ಕೇಳಿದರೆ ಬೇಡ ಅನ್ನುತ್ತಾರೆ. "ತೆಂಗಿನ ವಾಸನೇದು ಕೊಡ್ಲಾ, ಚೆರ್ರಿದು ಕೊಡ್ಲಾ?" ಎಂದು ಕೇಳಿದರೆ ಒಂದನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಮಾಲಕಿ ಗೇನರ್ ಕಲಿಸಿದ ವಿದ್ಯೆ ಇದು. ಅವಳು ಅಂಗಡಿಗೆ ಬರುವುದು ಅಪರೂಪ. ಫೋನಿನಲ್ಲೇ ಪ್ರಾಣ ಹಿಂಡುತ್ತಾಳೆ.

ಆ ಗುರುವಾರ ಮಧ್ಯಾಹ್ನ ಬಂದವನು ಎರಡೂ ಜಾತಿಗೆ ಸೇರಿದವನಲ್ಲ. ಎದುರಿನ ಬಸ್ ನಿಲ್ದಾಣದಲ್ಲಿ ನಿಂತು ಬಹಳ ಹೊತ್ತು ನಮ್ಮ ಬಾಗಿಲನ್ನೇ ನೋಡುತ್ತಿದ್ದ. ಬಸ್ಸುಗಳು ಬಂದು ಹೋದರೂ ಹತ್ತಲಿಲ್ಲ. ಕೊನೆಗೆ ಯಾರೋ ಅಟ್ಟಿಸಿಕೊಂಡು ಬಂದಂತೆ ಒಳಗೆ ನುಗ್ಗಿದ.

"ಹಾಸಿಗೆ ಬೇಕು," ಅಂದ. "ಇರೋದ್ರಲ್ಲಿ ಎಲ್ಲಕ್ಕಿಂತ ಜೋರಾಗಿರೋದು."

ಕೆಂಪು ಕೂದಲು, ಕೆಂಪು ರೆಪ್ಪೆ, ಹಾಲಿನಂಥ ಮುಖದ ತುಂಬ ಕಂದು ಚುಕ್ಕಿ. ಬೆರಳುಗಳ ಬಿರುಕಿನಲ್ಲಿ ಗಾರೆಯ ಬಿಳಿ ಪುಡಿ.

"ನಿನ್ನಂಥೋರಿಗೆ ಹಾಸಿಗೆ ಕೊಡೋ ಹಾಗಿಲ್ಲ ಕಣಪ್ಪ," ಅಂದೆ. "ನೀನು ಕಂದಾಗಲ್ಲ, ಬೇಯ್ತೀಯ ಅಷ್ಟೆ."

"ಬೆಂದ್ರೂ ಪರವಾಗಿಲ್ಲ."

"ನೀನು ಬೆಂದ್ರೆ ಗೇನರ್ ನನ್ನನ್ನ ಹುರೀತಾಳೆ. ಯಾವತ್ತಿಗೆ ಬೇಕಿತ್ತು?"

"ಶನಿವಾರಕ್ಕೆ. ಮಗಳ ಪರಮಪ್ರಸಾದ."

"ಯಾರಪ್ಪ ನಿನ್ನ ಮಗಳು?"

ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡಿದ. "ಎಫಿ. ಎಫಿ ಹ್ಯಾನ್ಲನ್."

ನನ್ನ ಕೈಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. ಎಫಿಯ ತಾಯಿ ಜನೈನ್ ನನಗೆ ಚೆನ್ನಾಗಿ ಗೊತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಶುಕ್ರವಾರ ಸಂಜೆ ನನ್ನ ಹತ್ತಿರ ಬಣ್ಣಕ್ಕೆ ಬರುವವಳಿದ್ದಳು. ನಾನು ಮುಖ ನೋಡಿರದ ಅವಳ ಗಂಡ ಡೆಸ್ ಗಾರೆ ಕೆಲಸದವನು, ಚಳಿಗಾಲದಿಂದ ಮಾಲ್ಟಾ ದ್ವೀಪದಲ್ಲಿ ಹೋಟೆಲ್ ಕಟ್ಟುತ್ತಿದ್ದಾನೆ ಎಂದು ಇಡೀ ಬೀದಿಗೆ ಗೊತ್ತಿತ್ತು.

"ಹಾಗಾದ್ರೆ ನೀನು ಡೆಸ್," ಅಂದೆ. "ಮಾಲ್ಟಾದಲ್ಲಿರ್ಬೇಕಾದೋನು."

ಅವನು ಕೌಂಟರಿನ ಅಂಚು ಹಿಡಿದುಕೊಂಡ. ಸೋಫಾದ ಮೇಲೆ ಕೂತಿದ್ದ ಇಬ್ಬರು ಹುಡುಗಿಯರು ಫೋನಿನಿಂದ ತಲೆ ಎತ್ತಿದರು. ನಾನು ಅವನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

ಅವನ ಕಥೆ ದೊಡ್ಡದೇನಲ್ಲ. ಹೋದ ವರ್ಷ ಕೆಲಸ ಹೋದಾಗ ಹೆಂಡತಿಗೆ ಹೇಳಲಿಲ್ಲ. ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಟು ಲೈಬ್ರರಿಯಲ್ಲಿ ಕೂತು ಸಂಜೆ ವಾಪಸು ಬರುತ್ತಿದ್ದ. ಅದು ಬಯಲಾದಾಗ ಜನೈನ್ ಒಂದೇ ಮಾತು ಹೇಳಿದ್ದಳು: ಇನ್ನೊಂದು ಸುಳ್ಳು ಹೇಳಿದರೆ ಈ ಮನೆ ನಿನ್ನದಲ್ಲ. ಆಮೇಲೆ ಮಾಲ್ಟಾದ ಕೆಲಸ ಸಿಕ್ಕಿತು, ಹೋದ, ನಿಜವಾಗಿಯೇ ಹೋದ. ಅಲ್ಲಿ ಗುತ್ತಿಗೆದಾರ ರಾತ್ರೋರಾತ್ರಿ ಪರಾರಿಯಾದ. ಡೆಸ್ ವಿಮಾನ ಹತ್ತಿ ಬಂದ, ಮನೆಯ ಬೀದಿಯವರೆಗೂ ಬಂದ, ಮನೆಯ ದೀಪ ನೋಡಿದ. ಬಾಗಿಲು ತಟ್ಟಲು ಕೈ ಬರಲಿಲ್ಲ. ನದಿ ದಾಟಿ ಆಚೆ ದಡದ, ರಜೆಯಲ್ಲಿ ಜನ ಮಕ್ಕಳನ್ನು ಕರೆದುಕೊಂಡು ಹೋಗುವ ನ್ಯೂ ಬ್ರೈಟನ್‌ನಲ್ಲಿ ಒಂದು ಕೋಣೆ ಹಿಡಿದ. ಅಂದಿನಿಂದ ಅಲ್ಲೇ ಸಿಕ್ಕಿದ ಕೂಲಿ ಮಾಡುತ್ತ, ಭಾನುವಾರ ಭಾನುವಾರ ಮನೆಗೆ ಫೋನು ಮಾಡಿ ಮಾಲ್ಟಾದ ಬಿಸಿಲಿನ ಸುದ್ದಿ ಹೇಳುತ್ತಿದ್ದ.

"ಫೋನ್ ಮಾಡೋಕೆ ಮುಂಚೆ ಅಲ್ಲಿ ಹವಾ ಹೇಗಿದೆ ಅಂತ ನೋಡ್ಕೋತೀನಿ," ಅಂದ. ಅದನ್ನು ಹೇಳುವಾಗ ಅವನಿಗೇ ನಾಚಿಕೆಯಾಯಿತು. "ಈಗ ಬಿಳೀ ಮುಖ ಹೊತ್ಕೊಂಡು ಹೇಗೆ ಹೋಗ್ಲಿ? ಹೋಗ್ದೇ ಇದ್ರೆ ಎಫಿ... ಅಕ್ಕಾ, ಅವಳು ಒಂದು ವರ್ಷದಿಂದ ಆ ದಿನ ಎಣಿಸ್ತಿದಾಳೆ."

"ಸ್ಪ್ರೇ ಹೊಡೀತೀನಿ."

"ಬೇಡ. ಅದು ಬಿಸ್ಕತ್ತಿನ ವಾಸನೆ ಬರುತ್ತೆ. ಜನೈನ್‌ಗೆ ಕತ್ತಲಲ್ಲೂ ಗೊತ್ತಾಗುತ್ತೆ."

ಅದು ನಿಜ. ನಮ್ಮ ಊರಿನ ಹೆಂಗಸರ ಮೂಗಿನಿಂದ ಆ ವಾಸನೆ ಮುಚ್ಚಿಡಲಾಗದು. ಆದರೆ ಅವನು ಅಷ್ಟರಲ್ಲಿ ನನ್ನ ಕೈ ಹಿಡಿದುಕೊಂಡಿದ್ದ, ಹಿಡಿತ ಮುಳುಗುವವನದಾಗಿತ್ತು. ಆಗದು ಎಂದು ಕಳಿಸಿದ್ದರೆ ಇನ್ನೊಂದು ಅಂಗಡಿಗೆ ಹೋಗುತ್ತಿದ್ದ, ಯಾವನಾದರೂ ಹಾಸಿಗೆ ಕೊಟ್ಟು ಬೇಯಿಸುತ್ತಿದ್ದ.

"ಎರಡು ಸಲ ಸ್ನಾನ ಮಾಡಿ, ಮೇಲೆ ಸಮುದ್ರದ ದಂಡೇಲಿ ಹಚ್ಕೊಳ್ಳೋ ಕ್ರೀಮ್ ಬಳ್ಕೊಂಡ್ರೆ ವಾಸನೆ ಅಡಗುತ್ತೆ," ಅಂದೆ. "ವಾಸನೆಗಿಂತ ನಿನ್ನನ್ನ ಹಿಡ್ಕೊಡೋದು ಬೇರೆ ಇದೆ. ಅಂಗಿ ಯಾಕ್ ಬಿಚ್ತೀಯ? ಹಾಕ್ಕೋ."

"ಹಾಕ್ಕೊಂಡಾ?"

"ಗಾರೆ ಕೆಲಸದೋನು ಬತ್ತಲೆ ನಿಂತು ಗೋಡೆ ಬಳೀತಾನಾ? ಮೈಯೆಲ್ಲಾ ಒಂದೇ ಬಣ್ಣ ಇದ್ರೆ ಅದು ಅಂಗಡೀದು ಅಂತ ಕೂಸಿಗೂ ಗೊತ್ತಾಗುತ್ತೆ."

ಬಿಸಿಲಲ್ಲಿ ದುಡಿದವನ ಮೈ ಹೇಗಿರುತ್ತದೆ ಎಂದು ನನಗೆ ಗೊತ್ತು, ನನ್ನಪ್ಪ ಹಡಗುಕಟ್ಟೆಯಲ್ಲಿದ್ದವನು. ತೋಳಿನ ಅರ್ಧಕ್ಕೆ ಗೆರೆ ಬಿಡಿಸಿದೆ. ಮಣಿಕಟ್ಟಿಗೆ ಗಡಿಯಾರದಷ್ಟು ಅಗಲ ಟೇಪು ಸುತ್ತಿದೆ. ಕತ್ತಿನ ಹಿಂಭಾಗ ದಟ್ಟ, ಗಲ್ಲದ ಅಡಿ ತೆಳು. "ಕಣ್ಣು ಕಿರಿದು ಮಾಡು, ಬಿಸಿಲು ನೋಡೋ ಹಾಗೆ," ಎಂದು ಹೇಳಿ ಮುಖಕ್ಕೆ ಹೊಡೆದೆ. ಕಣ್ಣು ಬಿಟ್ಟಾಗ ಪಕ್ಕದ ಸುಕ್ಕುಗಳ ಒಳಗೆ ಬಿಳಿ ಗೆರೆಗಳು ಉಳಿದಿದ್ದವು. ಅಂಥ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ.

ಡೆಸ್ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ.

"ಇವನು ಒಳ್ಳೆ ಮನುಷ್ಯನ ಹಾಗೆ ಕಾಣ್ತಾನೆ," ಅಂದ.

"ನಾಳೆ ಬೆಳಗ್ಗೆ ತೊಳ್ಕೊಂಡು ಮಧ್ಯಾಹ್ನ ಬಾ, ಇನ್ನೊಂದು ಕೈ ಹೊಡೀತೀನಿ," ಎಂದು ಹಿಂದಿನ ಬಾಗಿಲಿಂದ ಕಳಿಸಿದೆ. ಜನೈನ್ ಬರುವುದು ಸಂಜೆ. ಅಷ್ಟರಲ್ಲಿ ಅವನು ಹೋಗಿರುತ್ತಾನೆ ಎಂದು ನನ್ನ ಲೆಕ್ಕ.

ಶುಕ್ರವಾರ ಅಂಗಡಿ ಜಾತ್ರೆಯಾಗಿತ್ತು. ಡೆಸ್‌ಗೆ ಎರಡನೇ ಕೈ ಹೊಡೆದು, ಒಣಗಲಿ ಎಂದು ಹಿಂದಿನ ಕೋಣೆಯಲ್ಲಿ ಫ್ಯಾನಿನ ಮುಂದೆ ನಿಲ್ಲಿಸಿ ನಾನು ಕೌಂಟರಿಗೆ ಬಂದೆ. ಬಂದರೆ ಜನೈನ್ ಕೌಂಟರಿಗೆ ಒರಗಿಕೊಂಡು ನಿಂತಿದ್ದಾಳೆ.

"ಬೇಗ ಬಂದ್ಬಿಟ್ಟೆ ನೊರೀನಕ್ಕ, ಬೈಬೇಡ," ಅಂದಳು. "ನಮ್ಮಮ್ಮ ನಾಳೆ ಊಟದ ಸ್ಯಾಂಡ್‌ವಿಚ್ ಕೊಯ್ಯೋ ನೆಪದಲ್ಲಿ ನನ್ನ ತಲೇನೇ ಕೊಯ್ತಿದಾಳೆ. 'ನಿನ್ ಗಂಡ ಬರ್ತಾನೋ, ಇಲ್ಲ ಅವನ ಪಾಲಿನ ಹ್ಯಾಮ್ ನಾಯಿಗೆ ಹಾಕ್ಲೋ' ಅಂತ."

ಹಿಂದಿನ ಕೋಣೆಯ ಫ್ಯಾನು ದೊಡ್ಡ ಸದ್ದು ಮಾಡುತ್ತಿತ್ತು. ಅದೊಂದೇ ಸಮಾಧಾನ. "ಬರ್ತಾನಲ್ವಾ?" ಅಂದೆ. ಸುಮ್ಮನಿದ್ದರೆ ಮುಖ ಹೇಳಿಬಿಡುತ್ತದೆ ಎಂದು ಹೆದರಿಕೆ.

"ಏರ್‌ಪೋರ್ಟಿಂದ ಸೀದಾ ಚರ್ಚಿಗೇ ಬರ್ತಾನಂತೆ." ಜನೈನ್ ಸುತ್ತ ನೋಡಿದಳು. ಸೋಫಾ ಆಗ ಖಾಲಿಯಿತ್ತು. ದನಿ ತಗ್ಗಿಸಿದಳು. "ಅವನು ಮಾಲ್ಟಾದಲ್ಲಿಲ್ಲ, ಅಕ್ಕ."

"ಏನೇ ಹಾಗಂದ್ರೆ?"

"ಫೆಬ್ರವರೀಲಿ ಒಂದು ಭಾನುವಾರ ಮಂಜು ಕವಿದಿತ್ತಲ್ಲ. ನದೀಲಿ ಹಡಗು ಕೂಗ್ತು. ಈ ಕಿವಿಗೆ ನಮ್ಮನೆ ಕಿಟಕಿಯಿಂದ ಕೇಳ್ತು, ಈ ಕಿವಿಗೆ ಅವನ ಫೋನಿಂದ ಕೇಳ್ತು. ಒಂದೇ ಕೂಗು. ಅವನು ಆಗ ಹೇಳ್ತಿದ್ದ, 'ಇಲ್ಲಿ ಒಳ್ಳೇ ಬಿಸಿಲು ಕಣೇ, ಕೋಟೇ ಬೇಡ' ಅಂತ."

ನಗಲು ಹೋದಳು. ನಗು ನಡುವೆಯೇ ಮುರಿಯಿತು.

"ಕೇಳ್ಬಾರ್ದಾಗಿತ್ತಾ?" ಅಂದೆ.

"ಕೇಳಿದ್ರೆ ಒಪ್ಕೋತಾನೆ. ಹಿಡಿದಾಗೆಲ್ಲಾ ಒಪ್ಕೊಂಡಿದಾನೆ, ಅಳ್ತಾನೆ, ಕಾಲು ಹಿಡೀತಾನೆ. ನನಗದು ಸಾಕಾಗಿದೆ. ಹಿಡಿಯೋಕೆ ಮುಂಚೆ ಒಂದೇ ಒಂದು ಸಲ, ಅವನಾಗೇ ಬಾಯಿ ಬಿಟ್ಟು ಹೇಳ್ಲಿ. ಎಲ್ಲಿದ್ದ, ಏನ್ ಮಾಡ್ತಿದ್ದ ಅನ್ನೋದೂ ನನಗೆ ಬೇಡ. 'ನಾನು ಸುಳ್ಳು ಹೇಳಿದೆ' ಅನ್ಲಿ ಸಾಕು."

"ಹೇಳ್ದೇ ಹೋದ್ರೆ?"

"ನಾಳೆ ಮೈಗೆ ಬಣ್ಣ ಬಳ್ಕೊಂಡು ಬಿಸಿಲಿಂದ ಬಂದೋನ ಹಾಗೆ ಬಂದು ನಿಂತ ಅಂತಿಟ್ಕೋ..." ಅವಳು ಕೌಂಟರಿನ ಮೇಲಿದ್ದ ಬಾಟಲಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "ಮಗಳ ಪ್ರಸಾದದ ದಿನ, ಮಗಳ ಮುಂದೆ, ಅಷ್ಟು ಮಾಡೋ ಮನುಷ್ಯ ಅಂದ್ರೆ, ಅವನ ಬಟ್ಟೆ ಎಲ್ಲಾ ಚೀಲಕ್ಕೆ ತುಂಬಿ ಬಾಗಿಲ ಹಿಂದೆ ಇಟ್ಟಿದೀನಿ. ಯಾರಿಗೂ ಹೇಳ್ಬೇಡಕ್ಕ. ಮುಖ್ಯವಾಗಿ ಅವನ ಕಿವಿಗೆ ಬೀಳ್ಬಾರ್ದು. ಬಿದ್ರೆ ಅವನು ಹೇಳೋದಕ್ಕೆ ಬೆಲೆ ಇರಲ್ಲ."

"ಹೇಳಲ್ಲ," ಅಂದೆ.

ಹಿಂದಿನ ಕೋಣೆಯ ಫ್ಯಾನು ನಿಂತಿತು.

ನಾನು ಜನೈನ್‌ಳನ್ನು ಮುಂದಿನ ಕೋಣೆಗೆ ಹೆಚ್ಚುಕಡಿಮೆ ನೂಕಿದೆ. "ಬಟ್ಟೆ ಬಿಚ್ಚು, ಬಂದೆ," ಎಂದು ಬಾಗಿಲು ಮುಚ್ಚಿ ಹಿಂದಕ್ಕೆ ಓಡಿದೆ. ಡೆಸ್ ಚಿಲಕದ ಮೇಲೆ ಕೈ ಇಟ್ಟಿದ್ದ. "ಇನ್ನೂ ಒಣಗಿಲ್ಲ. ನಾನು ಹೇಳೋವರ್ಗೂ ಕದಲಬೇಡ," ಎಂದು ಮತ್ತೆ ಫ್ಯಾನು ಹಾಕಿ ಹೊರಗಿನಿಂದ ಬೀಗ ಹಾಕಿಕೊಂಡೆ.

ಜನೈನ್‌ಗೆ ಬಣ್ಣ ಹೊಡೆಯುವಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಯಾಕಕ್ಕ, ಒಂದೇ ಕಾಲಿಗೆ ಎರಡು ಸಲ ಹೊಡೀತಿದೀಯ?"

"ಬೆಳಗ್ಗಿಂದ ಟೀ ಕುಡಿದಿಲ್ಲ ಕಣೇ."

ಗೋಡೆಯ ಈಚೆ ಅವಳು, ಆಚೆ ಅವನು, ಇಬ್ಬರ ಮೈಮೇಲೂ ಒಂದೇ ಡಬ್ಬಿಯ ಬಣ್ಣ. ಇವಳಿಗೆ ಮಾತು ಕೊಟ್ಟಿದ್ದೇನೆ, ಹೇಳುವಂತಿಲ್ಲ. ಹೇಳದಿದ್ದರೆ ಆ ಪೆದ್ದ ನನ್ನ ಕೈಕೆಲಸವನ್ನೇ ಮುಖಕ್ಕೆ ಹೊತ್ತುಕೊಂಡು ಹೋಗಿ ಮನೆ ಕಳೆದುಕೊಳ್ಳುತ್ತಾನೆ. ಹೇಳಿಬಿಟ್ಟರೆ ನಾಳೆ ಅವನು ಆಡುವ ಮಾತು ಅವನದಾಗಿರುವುದಿಲ್ಲ. ಜನೈನ್ ಸಡಿಲ ಗೌನು ತೊಟ್ಟು, ಕೈಗಳನ್ನು ಮೈಗೆ ತಾಗಿಸದೆ ಬಾತುಕೋಳಿಯ ಹಾಗೆ ನಡೆಯುತ್ತ ಹೊರಗೆ ಹೋಗುವವರೆಗೂ ನನಗೆ ದಾರಿ ಹೊಳೆಯಲಿಲ್ಲ. ಬೀಗ ತೆಗೆಯುವಾಗ ಹೊಳೆಯಿತು.

"ಬಣ್ಣ ಕೆಟ್ಟಿದೆ," ಅಂದೆ.

"ಏನು?"

"ಇವತ್ತು ಒಡೆದ ಡಬ್ಬಿ ಕೆಟ್ಟಿದೆ. ಈಗ ಒಬ್ಬಳಿಗೆ ಹೊಡೆದೆ, ಟವೆಲಿಗೆಲ್ಲಾ ಹತ್ಕೊಳ್ತು. ನಾಳೆ ಎಫಿ ಓಡಿಬಂದು ನಿನ್ನ ಕತ್ತು ತಬ್ಬಿದ್ರೆ ಗೌನು ಪೂರಾ ಟೀ ಚೆಲ್ಲಿದ ಹಾಗಾಗುತ್ತೆ."

ಬೂಟಲ್‌ನಲ್ಲಿ ಹೆಣ್ಣುಮಕ್ಕಳಿರುವ ತಂದೆಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇಕಾಗಿಲ್ಲ. ಆ ಗೌನಿಗಾಗಿ ಮನೆಯವರು ವರ್ಷವಿಡೀ ಬಾಯಿ ಕಟ್ಟಿರುತ್ತಾರೆ. ಹೋದ ಸಲ ಒಬ್ಬಳು ಅಜ್ಜಿಯ ಕೈಗುರುತು ಮೊಮ್ಮಗಳ ಬೆನ್ನ ಮೇಲೆ ಬಿದ್ದು, ಎರಡು ಮನೆಗಳ ನಡುವೆ ಇವತ್ತಿಗೂ ಮಾತಿಲ್ಲ.

"ನಿನ್ನೆ ಹೊಡೆದಿದ್ದು ಚೆನ್ನಾಗಿತ್ತಲ್ಲ?"

"ಮೇಲೆ ಬಿದ್ದಿರೋದು ಕೆಳಗಿಂದನ್ನೂ ಎಬ್ಬಿಸುತ್ತೆ. ಎಲ್ಲಾ ತೆಗೀಬೇಕು. ಬಾ ಸಿಂಕಿಗೆ."

ಬಣ್ಣ ತೆಗೆಯುವ ನೊರೆ ಹಚ್ಚಿ, ಒರಟು ಕೈಗವಸು ತೊಟ್ಟು ತಿಕ್ಕತೊಡಗಿದೆ. ಅಂಥ ಕಸುಬುಗಾರಿಕೆಯನ್ನು ನನ್ನ ಕೈಯಾರೆ ಅಳಿಸುವಾಗ ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ. ನಿಂಬೆರಸ ಹಿಂಡಿದೆ. ಅವನ ಚರ್ಮ ಸುಲಿದ ಸಿಗಡಿಯ ಬಣ್ಣಕ್ಕೆ ತಿರುಗಿತು.

"ಸ್ವಲ್ಪ ಉಳಿಸಕ್ಕ. ಕೈಮೇಲಾದ್ರೂ ಇರ್ಲಿ."

"ಕೈಯಲ್ಲೇ ಅಲ್ವಾ ಮಗೂನ ಎತ್ಕೊಳ್ಳೋದು?"

ಅವನು ತಟ್ಟನೆ ನನ್ನ ಕೈ ತಡೆದ. "ಹಾಗಾದ್ರೆ ಹಾಸಿಗೆಗೆ ಹಾಕು. ದಮ್ಮಯ್ಯ ಅಂತೀನಿ. ಎಷ್ಟಾದ್ರೂ ಬೇಯ್ಲಿ, ಗುಳ್ಳೆ ಏಳ್ಲಿ, ಬಿಸಿಲಿಂದ್ಲೇ ಆಯ್ತು ಅಂತೀನಿ." ಹೇಳುತ್ತಲೇ ಪಕ್ಕದ ಹಾಸಿಗೆ ಕೋಣೆಗೆ ನುಗ್ಗಿದ. ಮುಚ್ಚಳ ಎತ್ತಿ, ಬೂಟಿನ ಸಮೇತ ಮಲಗಿ, ಗುಂಡಿ ಹುಡುಕಿ ಒತ್ತಿದ. ಒತ್ತಿದ, ಒತ್ತಿದ. ದೀಪ ಹತ್ತುವುದು ಕೌಂಟರಿನಿಂದ. ಅದು ಅವನಿಗೆ ಗೊತ್ತಿರಲಿಲ್ಲ. ಆ ಕತ್ತಲೆ ಗಾಜಿನ ಮೇಲೆ ಒದ್ದೆ ಮುಖ ಹೊತ್ತು ಮಲಗಿ ಗುಂಡಿ ಒತ್ತುತ್ತಲೇ ಇದ್ದ ಆ ದೊಡ್ಡ ಮನುಷ್ಯನನ್ನು ನೋಡಲಾಗದೆ ನಾನು ಬಾಗಿಲ ಕಡೆ ಮುಖ ತಿರುಗಿಸಿದೆ.

"ಏಳಪ್ಪ," ಅಂದೆ.

"ನಾಳೆ ಏನು ಹೇಳ್ಲಿ ನಾನು?"

"ನನಗೇನು ಗೊತ್ತು. ನನಗೆ ಬಿಸಿಲು ಮಾರೋದು ಬರುತ್ತೆ, ಅಷ್ಟೆ."

"ಬಣ್ಣ ಇದ್ದಿದ್ರೆ ನಾನು ಏನೂ ಹೇಳ್ಬೇಕಾಗಿರ್ಲಿಲ್ಲ," ಅಂದ ಡೆಸ್. "ಅದೇ ಹೇಳ್ತಿತ್ತು."

ಹೋಗುವಾಗ ತಿರುಗಿಯೂ ನೋಡಲಿಲ್ಲ. ನಾಳೆ ಬರುವುದೇ ಇಲ್ಲವೇನೋ, ನದಿಯ ಆಚೆಯೇ ಉಳಿದುಬಿಡುತ್ತಾನೇನೋ ಎಂದು ಆಗ ನನಗೆ ಮೊದಲ ಸಲ ಅನ್ನಿಸಿತು. ಗೇನರ್‌ಳಿಂದ ಫೋನು ಬಂತು: ಎಷ್ಟು ಬಾಟಲಿ ಹೋಯಿತು, ಯಾಕಿಷ್ಟು ಕಡಿಮೆ, ನಿದ್ದೆ ಮಾಡುತ್ತಿದ್ದೀಯಾ. ಹೂಂ ಅಂದೆ.

ಪ್ರತಿ ವರ್ಷ ಪರಮಪ್ರಸಾದದ ಬೆಳಗ್ಗೆ ನಾನು ಚರ್ಚಿನ ಗೇಟಿನ ಹತ್ತಿರ ನಿಲ್ಲುತ್ತೇನೆ. ಭಕ್ತಿಯೂ ಉಂಟು, ವ್ಯಾಪಾರವೂ ಉಂಟು. ಅರ್ಧ ಊರಿನ ಹೆಂಗಸರು ನನ್ನ ಬಣ್ಣದಲ್ಲಿ ಮೆಟ್ಟಿಲು ಹತ್ತುವುದನ್ನು ನೋಡಿ ಉಳಿದರ್ಧ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆ ಸಲ ನನ್ನ ಕಣ್ಣು ಯಾರ ಬಣ್ಣದ ಮೇಲೂ ನಿಲ್ಲಲಿಲ್ಲ. ಜನೈನ್ ನೀಲಿ ಉಡುಪಿನಲ್ಲಿ ಮೆಟ್ಟಿಲ ಬುಡದಲ್ಲಿದ್ದಳು, ಎಫಿ ಗೌನಿನ ಒಳಗೆ ಗಂಟೆಯ ನಾಲಗೆಯ ಹಾಗೆ ಅತ್ತಿತ್ತ ಓಲಾಡುತ್ತಿದ್ದಳು. ಜನೈನ್‌ಳ ತಾಯಿ ಡಾಟ್ ಟೋಪಿ ಹಾಕಿಕೊಂಡು ರಸ್ತೆ ಕಾಯುತ್ತಿದ್ದಳು.

ಮಕ್ಕಳು ಸಾಲು ನಿಲ್ಲುವ ಹೊತ್ತಿಗೆ ಡೆಸ್ ಬಂದ. ಬಸ್ಸಿನಿಂದ ಇಳಿದು ಬಂದ. ಹಳೆಯ ಸೂಟು ಮೈಮೇಲೆ ಜೋತುಬಿದ್ದಿತ್ತು. ಮುಖ ಬಿಳಿ, ನಾನು ತಿಕ್ಕಿದ ಕಡೆಯೆಲ್ಲ ಕೆಂಪು.

"ಅಪ್ಪಾ!" ಎಫಿ ಓಡಿಹೋಗಿ ಅವನ ಹೊಟ್ಟೆಗೆ ಅಪ್ಪಳಿಸಿದಳು. ಅವನು ಎರಡೂ ಕೈ ಗಾಳಿಯಲ್ಲಿ ಎತ್ತಿ ನಿಂತ, ಗೌನು ಮುಟ್ಟಲು ಹೆದರಿಕೊಂಡು.

"ಇದೇನು, ಮಾಲ್ಟಾಕ್ಕೆ ಹೋಗಿದ್ನೋ, ಶವಾಗಾರಕ್ಕೆ ಹೋಗಿದ್ನೋ?" ಅಂದಳು ಡಾಟ್, ಎಲ್ಲರಿಗೂ ಕೇಳುವಂತೆ. ಸುತ್ತಲಿದ್ದವರು ನಕ್ಕರು. ಜನೈನ್ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಉಸಿರು ಹಿಡಿದು.

ಎಫಿ ತಲೆ ಎತ್ತಿದಳು. "ಅಲ್ಲಿ ಬಿಸಿಲೇ ಇರ್ಲಿಲ್ವಾ ಅಪ್ಪ?"

"ಒಳಗಡೆ ಕೆಲಸ ಪುಟ್ಟ," ಅಂದ ಡೆಸ್. "ಗಾರೆ ಕೆಲಸ ಎಲ್ಲಾ ಒಳಗಡೇನೇ ಅಲ್ವಾ?"

ಸುಳ್ಳು ಅವನ ಬಾಯಿಂದ ಬಿಕ್ಕಳಿಕೆಯ ಹಾಗೆ ತಾನಾಗಿ ಬಂತು. ಬಂದದ್ದು ಅವನಿಗೇ ಗೊತ್ತಾಗುವ ಮೊದಲು ಜನೈನ್‌ಳ ಮುಖ ಅಂಗಡಿಯ ಷಟರಿನ ಹಾಗೆ ಇಳಿಯಿತು. "ಬಾ ಎಫಿ," ಎಂದು ಮಗಳ ಕೈ ಹಿಡಿದು ಮೆಟ್ಟಿಲು ಹತ್ತತೊಡಗಿದಳು.

ಡೆಸ್ ನನ್ನ ಕಡೆ ನೋಡಿದ. ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತು ನೆನೆದು ಗೇಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡೆ. ನನ್ನಲ್ಲಿ ಅವನಿಗೆ ಏನೂ ಸಿಗಲಿಲ್ಲ. ಅವನು ಕೆಳಗೆ ನಿಂತ, ಅವರಿಬ್ಬರ ಬೆನ್ನು ಮೇಲೆ ಮೇಲೆ ಹೋಯಿತು. ಬಾಗಿಲು ಹತ್ತಿರವಾಯಿತು.

"ಜನೈನ್!"

ಆ ಕೂಗಿಗೆ ಫೋಟೋ ತೆಗೆಯುವವನೂ ಕ್ಯಾಮೆರಾ ಇಳಿಸಿದ.

"ನಾನು ಮಾಲ್ಟಾದಲ್ಲಿರ್ಲಿಲ್ಲ. ಸುಳ್ಳು ಹೇಳಿದೆ. ಈಗ್ಲೂ ಹೇಳಿದೆ. ನ್ಯೂ ಬ್ರೈಟನ್‌ನಲ್ಲಿದ್ದೆ ಕಣೇ, ಇಲ್ಲೇ ಎದುರಿಗೆ, ಜನವರಿಯಿಂದ. ಬಣ್ಣ ಬಳ್ಕೊಂಡು ಬರೋನಿದ್ದೆ. ಅದೂ ಆಗ್ಲಿಲ್ಲ."

"ಏನಂದ ಅವನು?" ಅಂದಳು ಡಾಟ್. "ನ್ಯೂ ಬ್ರೈಟನ್ನಾ? ಐಸ್‌ಕ್ರೀಮ್ ತಿನ್ನೋಕಾ?"

"ಅಮ್ಮ, ಬಾಯಿ ಮುಚ್ಚು," ಅಂದಳು ಜನೈನ್. ಮೇಲಿನ ಮೆಟ್ಟಿಲಲ್ಲಿ ನಿಂತು ಗಂಡನನ್ನು ನೋಡಿದಳು. ಮುಖ ಸಡಿಲವಾಗಲಿಲ್ಲ, ಆದರೆ ಕಾಲು ಮುಂದಕ್ಕೂ ಹೋಗಲಿಲ್ಲ. "ಒಳಗೆ ಬಾ. ಹಿಂದೆ ಕೂತ್ಕೋ, ನಮ್ಮ ಜೊತೆ ಬೇಡ. ಆಮೇಲೆ ಹಾಲ್‌ನಲ್ಲಿ ಊಟ ಇದೆ, ಉಂಡ್ಕೊಂಡು ಹೋಗು. ಮನೆ ವಿಷಯ ಇವತ್ತು ಕೇಳ್ಬೇಡ. ನನಗೇ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಅಷ್ಟೇ ಸಿಕ್ಕರೂ ಸಾಕು ಎನ್ನುವವನಂತೆ ಬೇಗ ಬೇಗ ಆಡಿಸಿದ.

ಎಫಿ ಮಾತ್ರ ತಾಯಿಯ ಕೈ ಬಿಡಿಸಿಕೊಂಡು ಕೆಳಗಿಳಿದು ಬಂದಳು. ಹುಬ್ಬು ಗಂಟಿಕ್ಕಿ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ನ್ಯೂ ಬ್ರೈಟನ್ ಅಂದ್ರೆ ನಮ್ಮ ಮಹಡಿ ಕಿಟಕೀಲಿ ಕಾಣುತ್ತಲ್ಲ, ಅದಾ?"

"ಹೂಂ ಪುಟ್ಟ."

"ಹಾಗಾದ್ರೆ ಯಾಕೆ ಬರ್ಲಿಲ್ಲ?"

ಒಳಗೆ ಪಾದ್ರಿ ಮಕ್ಕಳನ್ನು ಕರೆಯುತ್ತಿದ್ದರು, ಆರ್ಗನ್ ಶುರುವಾಗಿತ್ತು. ಎಫಿ ಅಲುಗಲಿಲ್ಲ. ಮೇಲೆ ಜನೈನ್ ಕೂಡ ಅವಳನ್ನು ಕೂಗಲಿಲ್ಲ, ಕಾದಳು. ಡೆಸ್ ಕಲ್ಲುಮೆಟ್ಟಿಲ ಮೇಲೆ ಮಂಡಿಯೂರಿ ಮಗಳ ಎತ್ತರಕ್ಕೆ ಬಂದ. ಬಹಳ ಸಣ್ಣ ದನಿಯಲ್ಲಿ, ತಡೆತಡೆದು ಉತ್ತರ ಹೇಳಿದ. ಗೇಟಿನವರೆಗೆ ಅದು ಕೇಳಿಸಲಿಲ್ಲ.